ಪಂಡಿತಾ ರಮಾಬಾಯಿಯವರ ವಿದ್ಯೆಯೂ ಕೈಕೆಲಸವೂ

ಪಂಡಿತಾ ರಮಾಬಾಯಿಯವರ ಹೆಸರನ್ನು ಕೇಳದ ವಿದ್ಯಾರ್ಥಿನಿಯರು ನಮ್ಮ ಶಾಲೆಯಲ್ಲಿ ಇರಲಾರರು. ಆದರೆ ಅವರನ್ನು ಮಹಾವಿದುಷಿಯೆಂದು ಮಾತ್ರ ತಿಳಿದಿರುವವರೇ ಹೆಚ್ಚು. ಎಳೆಯ ವಯಸ್ಸಿನಲ್ಲಿಯೇ ಭಾಗವತವನ್ನು ಕಂಠಪಾಠ ಮಾಡಿದ್ದರು, ಕಲ್ಕತ್ತೆಯ ಪಂಡಿತರು ಅವರನ್ನು ಪರೀಕ್ಷಿಸಿ ಸರಸ್ವತಿಯೆಂಬ ಬಿರುದನ್ನು ಕೊಟ್ಟರು ಎಂಬುದೆಲ್ಲವೂ ನಿಜವೇ. ಆದರೆ ನಮಗೆ ಅವರ ಜೀವಿತದಲ್ಲಿ ಹೆಚ್ಚು ಆಶ್ಚರ್ಯವಾಗಿ ತೋರುವುದು ಬೇರೊಂದು. ಇಷ್ಟು ಓದಿದ ಹೆಣ್ಣುಮಗಳು ಗಾಣ, ಮಗ್ಗ, ಹಸು, ಬಾವಿ ಇವುಗಳನ್ನು ಕುರಿತು ಅಷ್ಟೊಂದು ಚಿಂತಿಸಿದ್ದೇಕೆ? ಅದನ್ನೇ ಇಲ್ಲಿ ಸ್ವಲ್ಪ ವಿವರಿಸುತ್ತೇವೆ.

ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಪುಣೆಯಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ತಮ್ಮ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಕಲಿಸುತ್ತಿದ್ದುದನ್ನು ಕಂಡು, ತಾವೂ ತಮ್ಮ ಮನೆಯ ಸ್ತ್ರೀಯರಿಗೆ ಕಲಿಸಬೇಕೆಂದು ನಿಶ್ಚಯಿಸಿದರು. ಪತ್ನಿ ಲಕ್ಷ್ಮೀಬಾಯಿಯವರಿಗೆ ಪಾಠ ಹೇಳಲಾರಂಭಿಸಿದಾಗ ಬಂಧುಬಾಂಧವರು ಕೋಪಗೊಂಡರು. ಶಾಸ್ತ್ರಿಗಳು ಜಗಳಕ್ಕೆ ನಿಲ್ಲದೆ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿಗೆ ಹೋಗಿ ಮನೆ ಮಾಡಿದರು. ಅಲ್ಲಿಯೇ 1858ನೆಯ ಇಸವಿ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು. ಕೂಸಿಗೆ ಆರು ತಿಂಗಳಾಗುವಷ್ಟರಲ್ಲಿ ಸಂಸಾರವು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಘಟ್ಟದಿಂದ ಇಳಿಸಿದರಂತೆ.

ಆ ಬಾಲಿಕೆಗೆ ಶಾಲೆಯೆಂಬುದು ಇರಲಿಲ್ಲ, ತಾಯಿಯೇ ಉಪಾಧ್ಯಾಯಿನಿ. ಹಗಲೆಲ್ಲ ಮನೆಗೆಲಸವೂ ಅತಿಥಿಸತ್ಕಾರವೂ ಇದ್ದುದರಿಂದ ತಾಯಿಗೆ ಬಿಡುವು ದೊರಕುತ್ತಿದ್ದುದು ಬೆಳಕು ಹರಿಯುವುದಕ್ಕೆ ಮುಂಚಿನ ಹೊತ್ತು ಮಾತ್ರ. ನಿದ್ದೆಗಣ್ಣಿನ ಮಗುವನ್ನು ಮುದ್ದಿಸಿ ಎಬ್ಬಿಸಿ, ಪುಸ್ತಕವಿಲ್ಲದೆ ಬಾಯಿಂದ ಬಾಯಿಗೆ ಪಾಠ ಹೇಳುತ್ತಿದ್ದರು. ಬಿಡುವಿಲ್ಲವೆಂಬ ಮಾತು ನಮ್ಮ ನಾಲಿಗೆಗೆ ಬಂದಾಗಲೆಲ್ಲ ಲಕ್ಷ್ಮೀಬಾಯಿಯವರ ಸ್ಮರಣೆ ನಮಗೆ ಬರುವುದುಂಟು.

ಆದರೆ ಈ ವಿದ್ಯೆಯಲ್ಲಿ ಒಂದು ಕೊರತೆಯಿತ್ತು. ಶಾಸ್ತ್ರಿಗಳು ಮಕ್ಕಳಿಗೆ ಶಾಸ್ತ್ರಪುರಾಣಗಳನ್ನು ಕಲಿಸಿದರೇ ಹೊರತು ಜೀವನೋಪಾಯಕ್ಕೆ ಬೇಕಾದ ಯಾವ ಕೆಲಸವನ್ನೂ ಕಲಿಸಲಿಲ್ಲ. ಇದ್ದ ಹಣವೆಲ್ಲ ದಾನಧರ್ಮಗಳಲ್ಲಿ ಕರಗಿತು. ಅಷ್ಟರಲ್ಲಿ ಕ್ಷಾಮ ಬಂದಿತು. ಕೂಲಿ ಮಾಡೋಣವೆಂದರೆ ಅಭ್ಯಾಸವಿಲ್ಲ. ಬೇಡೋಣವೆಂದರೆ ಕುಲದ ಅಭಿಮಾನ ಅಡ್ಡ ಬಂದಿತು. ಎಲೆಗಳನ್ನು ತಿಂದು ದಿನ ಕಳೆಯಬೇಕಾದ ಕಾಲವೂ ಬಂದಿತು. 1874ರಲ್ಲಿ ತಂದೆ ತೀರಿಕೊಂಡರು; ಕೆಲವೇ ವಾರಗಳಲ್ಲಿ ತಾಯಿಯೂ ಹಾಸಿಗೆ ಹಿಡಿದರು. ಜ್ವರದಲ್ಲಿ ಅನ್ನವನ್ನು ಕೇಳುತ್ತಿದ್ದ ತಾಯಿಗಾಗಿ ರಮಾಬಾಯಿ ನೆರೆಮನೆಯ ಬಾಗಿಲಿಗೆ ಹೋದರು. ಹೋದರೂ ಬೇಡಲು ನಾಲಿಗೆ ಏಳಲಿಲ್ಲ. ಆ ಮನೆಯಾಕೆಯೇ ಮುಖ ನೋಡಿ, ವಿಚಾರಿಸಿ, ಒಂದು ತುಂಡು ಸಜ್ಜೆಯ ರೊಟ್ಟಿಯನ್ನು ಕೊಟ್ಟರು. ಅದನ್ನು ಹಿಡಿದು ಓಡಿ ಬಂದಾಗ ತಾಯಿಗೆ ತಿನ್ನುವ ಶಕ್ತಿ ಉಳಿದಿರಲಿಲ್ಲ. ಶವವನ್ನು ಹೊರಲು ನಾಲ್ವರು ಸಿಕ್ಕದೆ, ಚಟ್ಟದ ಒಂದು ಮೂಲೆಗೆ ಮಗಳೇ ತಲೆಯೊಡ್ಡಬೇಕಾಯಿತು. ಎತ್ತರ ಸಾಲದುದರಿಂದ ಹೆಗಲಿಗೆ ಎಟುಕಲಿಲ್ಲ. ಅಕ್ಕನೂ ಮುಂದೆ ತೀರಿಕೊಂಡರು. ಉಳಿದ ಅಣ್ಣತಂಗಿಯರು ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ಅಲೆದರು. ಚಳಿಗೆ ಹೊದಿಕೆಯಿಲ್ಲದೆ ನದಿಯ ದಂಡೆಯಲ್ಲಿ ಗುಂಡಿ ತೋಡಿ, ಕುತ್ತಿಗೆಯ ವರೆಗೆ ಮರಳನ್ನು ಎಳೆದುಕೊಂಡು ಮಲಗಿದ ರಾತ್ರಿಗಳೂ ಉಂಟು.

ಮುಂದಿನ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇವೆ, ಪಠ್ಯಪುಸ್ತಕಗಳಲ್ಲಿ ಅವು ದೊರೆಯುತ್ತವೆ. 1878ರಲ್ಲಿ ಕಲ್ಕತ್ತೆ, 1880ರಲ್ಲಿ ಅಣ್ಣನ ಮರಣ, ಅದೇ ವರ್ಷ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ದಾಸರೊಡನೆ ವಿವಾಹ, 1881ರಲ್ಲಿ ಮಗಳು ಮನೋರಮಾ, 1882ರಲ್ಲಿ ವಾಂತಿಭೇದಿಯಿಂದ ಪತಿವಿಯೋಗ. ಇಪ್ಪತ್ತನಾಲ್ಕು ವರ್ಷ ತುಂಬುವ ಮುನ್ನವೇ ವಿಧವೆಯಾದ ಆಕೆ ಕೂಸನ್ನೆತ್ತಿಕೊಂಡು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀಯರಿಗೆ ಸ್ತ್ರೀ ವೈದ್ಯರೂ ಉಪಾಧ್ಯಾಯಿನಿಯರೂ ಬೇಕೆಂದು ಸರಕಾರದ ವಿದ್ಯಾ ಆಯೋಗದ ಮುಂದೆ ಸಾಕ್ಷ್ಯ ನುಡಿದರು. 1883ರಲ್ಲಿ ಇಂಗ್ಲೆಂಡಿಗೆ ಹೋದುದು ವೈದ್ಯ ಕಲಿಯಲೆಂದು. ಅಲ್ಲಿಯೇ ಕ್ರೈಸ್ತದೀಕ್ಷೆಯನ್ನೂ ಪಡೆದರು. ಆದರೆ ಕಿವಿ ಮಂದವಾಗುತ್ತ ಬಂದುದರಿಂದ ವೈದ್ಯವಿದ್ಯೆಯ ಆಸೆಯನ್ನು ಬಿಡಬೇಕಾಯಿತು. ಅದಕ್ಕಾಗಿ ಕೊರಗುತ್ತ ಕೂರಲಿಲ್ಲ. ಚೆಲ್ಟನ್‌ಹ್ಯಾಮಿನ ಸ್ತ್ರೀಯರ ಕಾಲೇಜಿನಲ್ಲಿ ತಾವು ಕಲಿಯುತ್ತಲೇ ಸಂಸ್ಕೃತವನ್ನು ಕಲಿಸಿದರು. 1886ರಲ್ಲಿ ಅಮೇರಿಕಕ್ಕೆ ಹೋಗಿ ಶಿಶುವಿಹಾರದ ಬೋಧನಕ್ರಮವನ್ನು ಅಭ್ಯಾಸ ಮಾಡಿದರು. ಒಂದು ಬಾಗಿಲು ಮುಚ್ಚಿದರೆ ಪಕ್ಕದ ಬಾಗಿಲನ್ನು ತಟ್ಟುವುದು ಅವರಿಗೆ ಸ್ವಭಾವವೇ ಆಗಿತ್ತು.

1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. 1893ರಲ್ಲಿ ಮತಾಂತರದ ಶಂಕೆಯೆದ್ದು ಅನೇಕ ಪೋಷಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಆ ಪೆಟ್ಟು ಸಣ್ಣದಲ್ಲ. ಅವರಾದರೋ ಪರರ ದ್ರವ್ಯವನ್ನೇ ನಂಬಿದ ಶಾಲೆ ಬಹುಕಾಲ ಬಾಳದೆಂದು ಯೋಚಿಸಿ, ಪುಣೆಯಿಂದ ಆಚೆ ಕೇಡಗಾಂವಿನಲ್ಲಿ ನೆಲ ಕೊಂಡು ಬಾವಿ ತೋಡಿಸಿ ಹಣ್ಣಿನ ಗಿಡಗಳನ್ನು ನೆಡಿಸಿದರು.

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮವೆಂಬ ಸುದ್ದಿ ಕೇಳಿದಾಗ ಅವರಿಗೆ ಕಂಡದ್ದು ಇಪ್ಪತ್ತೆರಡು ವರ್ಷದ ಹಿಂದಿನ ತಮ್ಮದೇ ಮುಖ. ತಾವೇ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. 1900ರ ಗುಜರಾತಿನ ಕ್ಷಾಮದ ನಂತರ ಮುಕ್ತಿ ಸದನದಲ್ಲಿ ಸುಮಾರು 2000 ಮಂದಿಯಿದ್ದರು. ಇಲ್ಲಿಯೇ ನಾವು ಮೊದಲು ಕೇಳಿದ ಪ್ರಶ್ನೆಗೆ ಉತ್ತರವಿರುವುದು. ಅಕ್ಷರ ಕಲಿಯುವ ಪ್ರತಿಯೊಬ್ಬಳೂ ಒಂದು ಕಸುಬನ್ನೂ ಕಲಿಯತಕ್ಕದ್ದು: ನೇಯ್ಗೆ, ಹೊಲಿಗೆ, ಹೈನು, ಎಣ್ಣೆ ತೆಗೆಯುವುದು, ತೋಟ, ಮುದ್ರಣ. ಕುರುಡು ಹುಡುಗಿಯರಿಗೂ ವಿನಾಯಿತಿಯಿರಲಿಲ್ಲ; ಮನೋರಮಾ ಬ್ರೈಲ್ ಲಿಪಿಯನ್ನು ಕಲಿತು ಬಂದು ಅವರಿಗೆ ಓದು ಕಲಿಸಿದರು. ವಿದ್ಯಾವಂತ ಮನೆಯಲ್ಲಿ ಹಸಿವಿನಿಂದ ಸತ್ತವರನ್ನು ಕಣ್ಣಾರೆ ಕಂಡ ಮಗಳು ಆಕೆ.

ಪ್ರತಿ ವರ್ಷವೂ ಒಬ್ಬಿಬ್ಬರು ತಾಯಂದಿರು ನಮ್ಮ ಕೋಣೆಗೆ ಬಂದು, ತಮ್ಮ ಮಗಳು ಓದಲು ಬಂದಿದ್ದಾಳೆ, ಕಸ ಗುಡಿಸುವುದಕ್ಕಲ್ಲ ಎಂದು ಆಕ್ಷೇಪಿಸುವುದುಂಟು. ನಾವು ಅವರೊಡನೆ ವಾದಿಸುವುದಿಲ್ಲ. ಕುಳ್ಳಿರಿಸಿ ಆ ಸಜ್ಜೆಯ ರೊಟ್ಟಿಯ ಕಥೆಯನ್ನು ಹೇಳುತ್ತೇವೆ. ಕೆಲವರು ಒಪ್ಪುತ್ತಾರೆ. ಒಪ್ಪದವರೂ ಇದ್ದಾರೆ.

ನಡುವಯಸ್ಸು ದಾಟಿದ ಮೇಲೆ ರಮಾಬಾಯಿಯವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಸಾಮಾನ್ಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಯಲ್ಲಿ ಸತ್ಯವೇದವನ್ನು ಅನುವಾದಿಸಲು ತೊಡಗಿದರು. ವರ್ಷಗಟ್ಟಲೆ ಆ ಕೆಲಸ ನಡೆಯಿತು. ಮಗಳು ಮನೋರಮಾ ಗುಲಬರ್ಗದಲ್ಲಿ ಒಂದು ಶಾಲೆಯನ್ನು ಆರಂಭಿಸಿ, ತಾಯಿಯ ಸಂಬಂಧವನ್ನು ಕನ್ನಡ ನಾಡಿನೊಡನೆ ಮತ್ತೆ ಬೆಸೆದರು. 1921ರ ಜುಲೈಯಲ್ಲಿ ಆ ಮಗಳು ತಾಯಿಗಿಂತ ಮುಂಚೆಯೇ ಗತಿಸಿದರು. ಆ ದುಃಖದಲ್ಲಿಯೂ ವೃದ್ಧೆ ಬರವಣಿಗೆಯ ಮೇಜನ್ನು ಬಿಟ್ಟೇಳಲಿಲ್ಲ. 1922ನೆಯ ಇಸವಿ ಏಪ್ರಿಲ್ 5ರಂದು ಅವರು ತೀರಿಕೊಂಡರು. ಆ ಗ್ರಂಥವು ಮುಕ್ತಿಯ ಮುದ್ರಣಾಲಯದಲ್ಲಿಯೇ ಅಚ್ಚಾಯಿತು. ಅಚ್ಚುಮೊಳೆಗಳನ್ನು ಜೋಡಿಸಿದವರು ಅಲ್ಲಿಯೇ ಓದು ಕಲಿತ ಹೆಂಗಸರು.