ಮೊಸಳೆ ಸಾಕಿದ ಹುಡುಗಿ ಹಾವುಗಳಿಗೆ ಕಟ್ಟಿಸಿದ ಮನೆ

ಬಾಲ್ ಪೈಥಾನ್ ಎಂಬ ಆಫ್ರಿಕಾದ ಪುಟ್ಟ ಹೆಬ್ಬಾವನ್ನು ಸಾಕಿ ಮರಿ ಮಾಡಿಸುವುದು ಹೇಗೆ ಎಂದು ಹುಡುಕಿ ನೋಡಿ. ಮೊದಲು ಸಿಗುವುದು ಬಣ್ಣಗಳ ಮಾತು: ಯಾವ ಬಣ್ಣದ ಗಂಡಿಗೆ ಯಾವ ಬಣ್ಣದ ಹೆಣ್ಣು, ಮರಿಗೆ ಎಷ್ಟು ಬೆಲೆ. ಹಾವು ಇರುವ ಜಾಗದ ಮಾತು ಬರುವುದು ಕೊನೆಗೆ. ಇದನ್ನು ತಿರುಗಿಸಿ ಯೋಚಿಸಿದವರೊಬ್ಬರು ನೂರು ವರ್ಷಗಳ ಹಿಂದೆ ಲಂಡನ್ನಿನಲ್ಲಿದ್ದರು. ಬಣ್ಣದ ಹೆಬ್ಬಾವುಗಳ ವ್ಯಾಪಾರ ಅವರ ಕಾಲದಲ್ಲಿ ಇರಲಿಲ್ಲ. ಆದರೆ ಸರೀಸೃಪವನ್ನು ಗೂಡಿನಲ್ಲಿ ಇಡುವವರು ಮೊದಲು ಏನು ಕಲಿಯಬೇಕು ಎಂಬುದಕ್ಕೆ ಅವರ ಬದುಕಿಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಜೋನ್ ಪ್ರೊಕ್ಟರ್ ಹುಟ್ಟಿದ್ದು 1897ರಲ್ಲಿ, ಲಂಡನ್ನಿನ ಅನುಕೂಲಸ್ಥ ಮನೆಯಲ್ಲಿ. ಹತ್ತು ವರ್ಷದ ಹೊತ್ತಿಗೆ ಹಾವು, ಹಲ್ಲಿಗಳನ್ನು ಸಾಕುತ್ತಿದ್ದಳು. ಒಂದು ಹಲ್ಲಿಯಂತೂ ಹೋದಲ್ಲೆಲ್ಲ ಜೊತೆಗೆ, ಊಟದ ಮೇಜಿನಲ್ಲೂ ತಟ್ಟೆಯ ಪಕ್ಕದಲ್ಲೇ. ಹದಿನಾರರ ಸುಮಾರಿಗೆ ಒಂದು ಮೊಸಳೆ ಮರಿ ಬಂತು. ಅದನ್ನು ಗಣಿತದ ತರಗತಿಗೂ ಒಯ್ದಳು ಎಂಬ ಕಥೆ ಅವಳ ಬಗ್ಗೆ ಬರೆದವರೆಲ್ಲರೂ ಹೇಳುತ್ತಾರೆ.

ಕಥೆ ಚೆನ್ನಾಗಿದೆ. ಆದರೆ ಅದರ ಪಕ್ಕದಲ್ಲೇ ಇರುವ ಇನ್ನೊಂದು ಸಂಗತಿಯನ್ನು ನಾವು ಬೇಗ ಮರೆಯುತ್ತೇವೆ. ಹುಡುಗಿಗೆ ಕರುಳಿನ ಕಾಯಿಲೆ ಇತ್ತು. ಮತ್ತೆ ಮತ್ತೆ ನೋವು, ಹಾಸಿಗೆ. ಕೇಂಬ್ರಿಜ್‌ಗೆ ಹೋಗಿ ಓದುವ ಆಸೆಯನ್ನು ಆ ಕಾಯಿಲೆಯೇ ತಪ್ಪಿಸಿತು.

ಡಿಗ್ರಿ ಇಲ್ಲದ ಈ ಹುಡುಗಿಗೆ ಬ್ರಿಟಿಷ್ ಮ್ಯೂಸಿಯಂನ ಪ್ರಕೃತಿ ವಿಜ್ಞಾನ ವಿಭಾಗದ ಜಾರ್ಜ್ ಬೌಲೆಂಜರ್ 1916ರಲ್ಲಿ ತಮ್ಮ ಬಳಿ ಕೆಲಸ ಮಾಡಲು ಅವಕಾಶ ಕೊಟ್ಟರು. ಬೌಲೆಂಜರ್ ಎಂದರೆ ಆ ಕಾಲದ ಸರೀಸೃಪ ವಿಜ್ಞಾನದ ದೊಡ್ಡ ಹೆಸರು. ಬ್ರಿಟಿಷ್ ಇಂಡಿಯಾದ ಹಾವು, ಕಪ್ಪೆಗಳ ಮೇಲೆ 1890ರಲ್ಲಿ ಬಂದ ಗ್ರಂಥ ಅವರದೇ. ಮರುವರ್ಷವೇ, ಇನ್ನೂ ಇಪ್ಪತ್ತು ತುಂಬುವ ಮೊದಲು, ಅಮೆರಿಕ ಖಂಡದ ಒಂದು ಮಂಡಲದ ಹಾವಿನ ಬಗ್ಗೆ ಜೋನ್ ಜುವಾಲಾಜಿಕಲ್ ಸೊಸೈಟಿಯ ಮುಂದೆ ಪ್ರಬಂಧ ಮಂಡಿಸಿದರು. 1922ರಲ್ಲಿ ಪೂರ್ವ ಆಫ್ರಿಕಾದ ಚಪ್ಪಟೆ ಆಮೆಯ ಬಗ್ಗೆ ಬರೆದರು. ದೋಸೆಯಂತೆ ತೆಳ್ಳಗಿರುವ, ಒತ್ತಿದರೆ ಬಾಗುವ ಚಿಪ್ಪಿನ ಈ ಆಮೆ ಅಪಾಯ ಬಂದರೆ ಬಂಡೆಯ ಬಿರುಕಿನೊಳಗೆ ನುಸುಳಿಬಿಡುತ್ತದೆ.

1923ರಲ್ಲಿ ಲಂಡನ್ ಮೃಗಾಲಯದ ಸರೀಸೃಪ ವಿಭಾಗದ ಮುಖ್ಯಸ್ಥೆಯಾದರು. ಆ ಹುದ್ದೆಗೆ ಅವರೇ ಮೊದಲ ಮಹಿಳೆ. ಸಂವಹನ ಓದಿದವಳಾಗಿ ನನಗೆ ಇಲ್ಲಿ ಒಂದು ತಕರಾರಿದೆ. ಅಂದಿನ ಪತ್ರಿಕೆಗಳಿಗೆ ಹಾವಿನ ಜೊತೆ ನಿಂತ ಹೆಣ್ಣು ಸುದ್ದಿಯಾಯಿತೇ ಹೊರತು, ಆ ಹೆಣ್ಣು ಮಾಡಿದ ಕೆಲಸ ಅಷ್ಟಾಗಿ ಸುದ್ದಿಯಾಗಲಿಲ್ಲ. ಕೆಲಸ ನಿಜವಾಗಿ ಇದ್ದದ್ದು ಕಟ್ಟಡದಲ್ಲಿ.

ಹಾವು ಶೀತರಕ್ತ ಪ್ರಾಣಿ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದರಿಂದ ಅನೇಕರು ಹಾವಿಗೆ ತಂಪು ಬೇಕು, ಅಥವಾ ಬಿಸಿ ಬೇಕಿಲ್ಲ ಎಂದುಕೊಳ್ಳುತ್ತಾರೆ. ಅದು ತಪ್ಪು. ಹಾವಿನ ರಕ್ತ ತಣ್ಣಗೇ ಇರಬೇಕೆಂದೇನಿಲ್ಲ. ನಮ್ಮಂತೆ ಒಳಗಿನಿಂದ ಮೈ ಬಿಸಿ ಮಾಡಿಕೊಳ್ಳಲು ಅದಕ್ಕೆ ಆಗುವುದಿಲ್ಲ, ಅಷ್ಟೆ. ಬಿಸಿ ಬೇಕಾದಾಗ ಬಿಸಿಲಿಗೆ, ಸಾಕಾದಾಗ ನೆರಳಿಗೆ ಸರಿಯುತ್ತದೆ. ತಿಂದದ್ದು ಜೀರ್ಣವಾಗುವುದು, ಸೋಂಕಿನ ವಿರುದ್ಧ ಹೋರಾಡುವುದು, ಮೊಟ್ಟೆ ಕಟ್ಟುವುದು ಎಲ್ಲಕ್ಕೂ ಈ ಓಡಾಟ ಬೇಕು. ಇಡೀ ಗೂಡು ಒಂದೇ ಉಷ್ಣತೆಯಲ್ಲಿದ್ದರೆ ಹಾವಿಗೆ ಆಯ್ಕೆಯೇ ಇಲ್ಲ.

ವಾಸ್ತುಶಿಲ್ಪಿ ಗೈ ಡಾಬರ್ ಜೊತೆ ಸೇರಿ ಪ್ರೊಕ್ಟರ್ ರೂಪಿಸಿದ ಸರೀಸೃಪ ಗೃಹ 1927ರಲ್ಲಿ ತೆರೆಯಿತು. ವಿದ್ಯುತ್ತಿನಿಂದ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಬಿಸಿ ಕೊಡುವ ವ್ಯವಸ್ಥೆ ಅಲ್ಲಿತ್ತು. ಸಾಮಾನ್ಯ ಗಾಜು ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುತ್ತದೆಂದು ಅದನ್ನು ಒಳಗೆ ಬಿಡುವ ವಿಶೇಷ ಗಾಜು ಹಾಕಿಸಿದರು. ಬೆಳಕು ಪ್ರಾಣಿಯ ಮೇಲೆ, ನೋಡುವವರು ನಿಲ್ಲುವ ಕಡೆ ಮಬ್ಬು. ಪ್ರಾಣಿಗಳ ಕಾಯಿಲೆಗಳಿಗೂ ಅವರು ತಾವೇ ಚಿಕಿತ್ಸೆ ಮಾಡುತ್ತಿದ್ದರು.

ಇವತ್ತು ಬಾಲ್ ಪೈಥಾನ್ ಸಾಕುವವರ ಪೆಟ್ಟಿಗೆ ಅದೇ ತತ್ವದ ಚಿಕ್ಕ ರೂಪ. ಘಾನಾ, ಟೋಗೊ, ಬೆನಿನ್ ಕಡೆಯ ಈ ಹಾವು ಇಲಿಗಳ ಬಿಲ, ಹುತ್ತಗಳಲ್ಲಿ ಅಡಗಿ ರಾತ್ರಿ ಹೊರಡುತ್ತದೆ. ಪೆಟ್ಟಿಗೆಯ ಒಂದು ತುದಿ ಸುಮಾರು 31-32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25-27, ಎರಡೂ ಕಡೆ ಅಡಗಲು ಜಾಗ. ಹೀಟರಿಗೆ ಥರ್ಮೋಸ್ಟಾಟ್ ಇಲ್ಲದಿದ್ದರೆ ಹಾವಿನ ಹೊಟ್ಟೆ ಸುಟ್ಟುಹೋಗಬಹುದು. ಇದಿಷ್ಟು ವರ್ಷಾನುಗಟ್ಟಲೆ ಸರಿಯಾಗಿ ನಡೆದ ಮೇಲೆ ಜೋಡಿಯ ಮಾತು. ಹೆಣ್ಣು ಸುಮಾರು ಒಂದೂವರೆ ಕಿಲೋ ತೂಗಿ, ಮೂರು ವರ್ಷ ದಾಟಿರಬೇಕು ಎನ್ನುವುದು ಅನುಭವಿಗಳ ಲೆಕ್ಕ. ಮೊಟ್ಟೆ ಹೆಚ್ಚಾಗಿ ನಾಲ್ಕರಿಂದ ಎಂಟು, ಒಡೆಯಲು ಸುಮಾರು ಎರಡು ತಿಂಗಳು. ಪ್ರತಿ ಮರಿಯೂ ಇಪ್ಪತ್ತು, ಮೂವತ್ತು ವರ್ಷ ಬದುಕಬಲ್ಲದು. ಅಷ್ಟು ಮನೆ ಹುಡುಕಿಟ್ಟುಕೊಂಡಿದ್ದೀರಾ? 'ಸ್ಪೈಡರ್' ಎಂಬ ಜನಪ್ರಿಯ ಬಣ್ಣದ ತಳಿಯಲ್ಲಿ ಬಣ್ಣದ ಜೊತೆಗೇ ನರದ ದೋಷವೂ ಬರುತ್ತದೆ, ತಲೆ ಓಲಾಡುತ್ತದೆ. ಅದನ್ನು ಬೆಳೆಸುವುದು ನನ್ನ ಮಟ್ಟಿಗೆ ಸರಿಯಲ್ಲ. ಅಂದಹಾಗೆ, ನಮ್ಮ ದೇಶದ ಹೆಬ್ಬಾವನ್ನು ಮನೆಯಲ್ಲಿ ಸಾಕುವುದು ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಪ್ರಾಣಿ ಇದ್ದರೆ ಅದನ್ನೂ, ಹುಟ್ಟಿದ ಮರಿಗಳನ್ನೂ 2024ರ ನಿಯಮಗಳ ಪ್ರಕಾರ ಸರ್ಕಾರದಲ್ಲಿ ನೋಂದಾಯಿಸಬೇಕು.

ಪ್ರೊಕ್ಟರ್ ಹೊಸ ಮನೆಗೆ ಬಂದ ಅತಿಥಿಗಳಲ್ಲಿ ಎರಡು ಕೊಮೋಡೊ ಡ್ರ್ಯಾಗನ್‌ಗಳಿದ್ದವು. ಈ ದೈತ್ಯ ಉಡಗಳ ಬಗ್ಗೆ ಯುರೋಪಿನಲ್ಲಿ ಆಗ ಭಯಂಕರ ಕಥೆಗಳಿದ್ದವು. ಅವುಗಳಲ್ಲಿ ಸುಂಬಾವಾ ಎಂಬುದು ಪ್ರೊಕ್ಟರ್‌ಗೆ ಎಷ್ಟು ಹೊಂದಿಕೊಂಡಿತೆಂದರೆ ಅವರ ಜೊತೆ ಮೃಗಾಲಯದಲ್ಲಿ ಅಡ್ಡಾಡುತ್ತಿತ್ತು. 1928ರಲ್ಲಿ ಸೊಸೈಟಿಯ ಸಭೆಗೇ ಕರೆತಂದು, ಅದು ತಿನ್ನುತ್ತಿರುವಾಗಲೇ ಮೈ ಸವರಿ ತೋರಿಸಿದರು. ಇದನ್ನು ಧೈರ್ಯ ಎನ್ನಬಹುದು. ಅದಕ್ಕಿಂತ ಹೆಚ್ಚಾಗಿ, ಹಸಿವು, ಚಳಿ, ಹೆದರಿಕೆ ಇಲ್ಲದ ಪ್ರಾಣಿ ಹೇಗಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. (ದಯವಿಟ್ಟು ನೀವು ಪ್ರಯತ್ನಿಸಬೇಡಿ, ಕೊಮೋಡೊ ಮನುಷ್ಯರನ್ನು ಕೊಂದದ್ದೂ ಉಂಟು.)

ಅಷ್ಟರಲ್ಲಿ ಅವರ ಮೈ ಸೋಲುತ್ತಿತ್ತು. ಕೊನೆಯ ವರ್ಷಗಳಲ್ಲಿ ವಿದ್ಯುತ್ ಗಾಲಿಕುರ್ಚಿಯಲ್ಲಿ ಕೂತು ಮೃಗಾಲಯ ಸುತ್ತುತ್ತಿದ್ದರು, ಎಷ್ಟೋ ಸಲ ಸುಂಬಾವಾ ಜೊತೆಯಲ್ಲೇ. 1931ರಲ್ಲಿ ಷಿಕಾಗೊ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಅವರಿಗೆ 34 ವರ್ಷ.

ಅವರು ರೂಪಿಸಿದ ಕಟ್ಟಡ ಇನ್ನೂ ಇದೆ, ಸಂರಕ್ಷಿತ ಪಟ್ಟಿಯಲ್ಲಿದೆ. ಮೃಗಾಲಯದ ಸರೀಸೃಪಗಳಿಗೆ 2024ರಲ್ಲಿ ಹೊಸ ಮನೆ ತೆರೆಯುವವರೆಗೂ ಅವು ಅಲ್ಲಿಯೇ ಇದ್ದವು.