ಪಲ್ಲಕ್ಕಿಯಲ್ಲಿ ಕೂತ ವೀಣೆ

ಗಿಟಾರ್ ಹಿಡಿದ ಹುಡುಗರಿಗೆಲ್ಲ ಒಂದು ಹಂತ ಬರುತ್ತದೆ. ನಾಲ್ಕು ಕಾರ್ಡ್ ಕಲಿತು, ಯಾರಾದರೂ ಹಾಡಿದರೆ ಜೊತೆಗೆ ನುಡಿಸುವುದು ಬರುತ್ತದೆ. ಹಾಡುವವರು ಸುಮ್ಮನಾದರೆ ಅದು ಯಾವ ಹಾಡು ಎಂದು ಪಕ್ಕದ ರೂಮಿನವನಿಗೂ ಗೊತ್ತಾಗುವುದಿಲ್ಲ! ಹಾಡಿನ ಮಟ್ಟನ್ನೂ ಅದರ ಆಸರೆಯನ್ನೂ ಒಬ್ಬನೇ, ಒಂದೇ ವಾದ್ಯದಲ್ಲಿ ನುಡಿಸಬೇಕೆಂಬ ಆಸೆ ಹುಟ್ಟುವುದು ಆಗಲೇ. ಇದನ್ನು ಹೇಳಿಕೊಡುವ ವಿದೇಶಿ ಗುರುಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿದ್ದಾರೆ. ಆದರೆ ಈ ಕೆಲಸವನ್ನು ಬದುಕಿಡೀ ಮಾಡಿದ ಒಬ್ಬರು ನಮ್ಮ ಮೈಸೂರಿನಲ್ಲೇ ಇದ್ದರು. ಅವರು ವೀಣೆ ಶೇಷಣ್ಣ.

ಶೇಷಣ್ಣ ಹುಟ್ಟಿದ್ದು 1852ರಲ್ಲಿ. ತಂದೆ ಬಕ್ಷಿ ಚಿಕ್ಕರಾಮಪ್ಪ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದ ವಿದ್ವಾಂಸರು. ಹತ್ತು ವರ್ಷದ ಹುಡುಗನಿದ್ದಾಗಲೇ, ದರ್ಬಾರಿನಲ್ಲಿ ಕಠಿಣವಾದ ಪಲ್ಲವಿಯೊಂದನ್ನು ಹಾಡಿ ದೊರೆಯಿಂದ ಮುತ್ತಿನ ಹಾರ ಪಡೆದರು ಎಂಬ ಕಥೆಯಿದೆ. ಮುತ್ತಿನ ಹಾರ ಸಿಕ್ಕಮೇಲೆ ನಮ್ಮಲ್ಲಿ ಎಷ್ಟು ಜನ ಮತ್ತೆ ಅಭ್ಯಾಸಕ್ಕೆ ಕೂರುತ್ತಿದ್ದೆವೋ! ಅವರು ದೊಡ್ಡ ಶೇಷಣ್ಣನವರಲ್ಲಿ ವೀಣೆ, ಮೈಸೂರು ಸದಾಶಿವರಾಯರಲ್ಲಿ ಹಾಡುಗಾರಿಕೆ ಕಲಿತರು. ವೀಣೆ ನುಡಿಸುವವನಿಗೆ ಹಾಡುವುದು ಯಾಕೆ ಬೇಕು ಅಂದರೆ, ಕೈ ಹುಡುಕಬೇಕಾದ ಸ್ವರ ಮೊದಲು ಗಂಟಲಿನಲ್ಲಿ ಇರಬೇಕು. ಬರೀ ಕಾರ್ಡ್ ಚಾರ್ಟ್ ನೋಡಿ ನುಡಿಸುವ ನಾವು ತಪ್ಪಿಸುವ ಪಾಠ ಇದೇ.

ವೀಣೆಯ ಹೊಂದಿಕೆಯನ್ನು ಎಂಜಿನಿಯರಿಂಗ್ ಕಣ್ಣಿನಿಂದ ನೋಡಿದರೆ ಮಜವಾಗಿದೆ. ಮೇಣದಲ್ಲಿ ಕೂರಿಸಿದ 24 ಮೆಟ್ಟಿಲು, ಅವುಗಳ ಮೇಲೆ ನಾಲ್ಕು ತಂತಿ, ಪಕ್ಕದಲ್ಲಿ ತಾಳಕ್ಕೆಂದೇ ಮೂರು ತಂತಿ. ಬಲಗೈಯ ತೋರುಬೆರಳು, ನಡುಬೆರಳು ಮೇಲಿನ ತಂತಿಗಳನ್ನು ಮೀಟುತ್ತಿರುವಾಗ ಕಿರುಬೆರಳು ತಾಳದ ತಂತಿಗಳನ್ನು ಮೀಟುತ್ತದೆ. ಹಾಡೂ ಆಯಿತು, ಶ್ರುತಿ-ತಾಳವೂ ಆಯಿತು. ಇದು ಗಿಟಾರಿನ ಕಾರ್ಡ್ ಅಲ್ಲ, ನಿಜ. ತಾಳದ ತಂತಿಗಳು ಷಡ್ಜ-ಪಂಚಮದಲ್ಲೇ ನಿಲ್ಲುತ್ತವೆ, ಹಾಡಿನ ಜೊತೆ ಬದಲಾಗುವುದಿಲ್ಲ. ಆದರೆ ಗಿಟಾರಿನಲ್ಲಿ ಹೆಬ್ಬೆರಳು ಮಂದ್ರದ ತಂತಿ ಹಿಡಿದು, ಉಳಿದ ಬೆರಳು ಮಟ್ಟು ನುಡಿಸುವಾಗ ಕೈಗೆ ಬೀಳುವ ಕಷ್ಟ ಹೆಚ್ಚುಕಡಿಮೆ ಇದೇ: ಎರಡು ಕೆಲಸ, ಒಂದೇ ಕೈ.

ಶೇಷಣ್ಣ ಪಿಟೀಲು, ಸ್ವರಬತ್, ಹಾರ್ಮೋನಿಯಂ, ಪಿಯಾನೋಗಳನ್ನೂ ನುಡಿಸಬಲ್ಲವರಾಗಿದ್ದರು. ಪಾಶ್ಚಾತ್ಯ ವಾದ್ಯ ಮುಟ್ಟಿದರೆ ಸಂಪ್ರದಾಯ ಕೆಡುತ್ತದೆ ಎಂದು ವಾದಿಸುವವರಿಗೆ ನಾನು ಇವರ ಹೆಸರನ್ನೇ ಹೇಳುವುದು. ಸ್ವರಜತಿ, ತಿಲ್ಲಾನಗಳನ್ನೂ ರಚಿಸಿದರು. ಅವರ ಝಂಜೂಟಿ ತಿಲ್ಲಾನ ಈಗಲೂ ಕಛೇರಿಗಳಲ್ಲಿ ಕೇಳಸಿಗುತ್ತದೆ.

ಬರೋಡದ ಮಹಾರಾಜರು ಇವರ ವಾದನಕ್ಕೆ ಮೆಚ್ಚಿ ಪಲ್ಲಕ್ಕಿಯನ್ನೇ ಕೊಟ್ಟರಂತೆ. ಅದರಲ್ಲಿ ಕೂತು ಅರಮನೆಗೆ ಬರಬೇಕೆಂದು ಮೈಸೂರಿನ ದೊರೆಯ ಅಪೇಕ್ಷೆ. ಶೇಷಣ್ಣ ವೀಣೆಯನ್ನು ಪಲ್ಲಕ್ಕಿಯಲ್ಲಿ ಕೂರಿಸಿ, ತಾವು ಪಕ್ಕದಲ್ಲಿ ನಡೆದುಕೊಂಡು ಬಂದರು ಎನ್ನುತ್ತಾರೆ. ದೊರೆಯ ಮಾತನ್ನೂ ಮೀರಲಿಲ್ಲ, ಪಲ್ಲಕ್ಕಿಯನ್ನೂ ಏರಲಿಲ್ಲ. ಇಷ್ಟು ನಾಜೂಕಾಗಿ ಇಲ್ಲ ಅನ್ನುವುದೂ ಒಂದು ವಿದ್ಯೆಯೇ.

ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ವೈಣಿಕ ಶಿಖಾಮಣಿ ಬಿರುದು ಕೊಟ್ಟರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲೂ ಶೇಷಣ್ಣ ನುಡಿಸಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಎರಡು ವರ್ಷದ ನಂತರ, 1926ರಲ್ಲಿ ತೀರಿಕೊಂಡರು. ಶಿಷ್ಯರಲ್ಲಿ ಚಿತ್ರಕಲಾವಿದ ಕೆ. ವೆಂಕಟಪ್ಪ ಕೂಡ ಒಬ್ಬರು. ಇನ್ನೊಬ್ಬ ಶಿಷ್ಯ ವೆಂಕಟಗಿರಿಯಪ್ಪನವರಿಂದ ಆ ಬಾನಿ ದೊರೆಸ್ವಾಮಿ ಅಯ್ಯಂಗಾರ್ಯರ ಕೈಗೆ ಬಂತು.

ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಇವತ್ತಿಗೂ ಹಲಸಿನ ಮರ ಕೊರೆದು ವೀಣೆ ಮಾಡುತ್ತಾರೆ. ಗಿಟಾರ್ ಕಲಿಯುವ ಗೆಳೆಯರು ಒಂದು ಭಾನುವಾರ ಬಂದರೆ, ಆ ಮೂರು ತಂತಿಗಳು ಎಲ್ಲಿ ಕೂರುತ್ತವೆಂದು ಕಣ್ಣಾರೆ ನೋಡಬಹುದು.