ಬಿಟ್ಟುಕೊಟ್ಟ ಸ್ಥಾನ

ಅಬ್ರಹಾಂ ಲಿಂಕನ್ನನ ಹೆಸರು ಕೇಳಿದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ಮರದ ದಿಮ್ಮಿಗಳ ಗುಡಿಸಲೂ ಒಲೆಯ ಬೆಳಕಿನಲ್ಲಿ ಓದುವ ಬಾಲಕನೂ ಮೂಡುವುದುಂಟು, ಮರುಕ್ಷಣವೇ ಶ್ವೇತಭವನ. ಇವೆರಡರ ನಡುವಣ ದೀರ್ಘವಾದ ಹಾದಿಯನ್ನು ನೋಡುವವರು ವಿರಳ. ನೋಡಿದವರೂ ಆತನ ಸೋಲುಗಳ ಪಟ್ಟಿಯೊಂದನ್ನು ಮಾಡಿ, ಎದೆಗುಂದದವನು ಕೊನೆಗೆ ಗೆದ್ದೇ ಗೆಲ್ಲುತ್ತಾನೆಂಬ ನೀತಿಯನ್ನು ಹೇಳಿ ಮುಗಿಸುತ್ತಾರೆ. ಸೋತು ಮತ್ತೆ ನಿಂತವರು ಲೋಕದಲ್ಲಿ ಅಸಂಖ್ಯರು, ಅವರೆಲ್ಲರೂ ಲಿಂಕನ್ನರಾಗಲಿಲ್ಲ. ಆತನ ಹಿರಿಮೆಯನ್ನು ಅರಿಯಬೇಕಾದರೆ ಒಂದು ಸೋಲನ್ನು, ಅದೂ ಆತನೇ ಮನಸಾರೆ ಒಪ್ಪಿ ಬರಮಾಡಿಕೊಂಡ ಸೋಲನ್ನು, ಹತ್ತಿರದಿಂದ ನೋಡಬೇಕು.

೧೮೦೯ರಲ್ಲಿ ಕೆಂಟಕಿಯಲ್ಲಿ ಹುಟ್ಟಿದ ಲಿಂಕನ್ನನು ೧೮೩೧ರಲ್ಲಿ ಇಲಿನಾಯ್ ಸಂಸ್ಥಾನದ ನ್ಯೂ ಸೇಲಂ ಎಂಬ ಪುಟ್ಟ ಊರನ್ನು ಸೇರಿದನು. ಮರುವರ್ಷವೇ ಸಂಸ್ಥಾನದ ಶಾಸನಸಭೆಗೆ ಉಮೇದುವಾರನಾದನು. ಶಾಲೆಯಲ್ಲಿ ಕಳೆದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬದ ಈ ತರುಣನು ೧೩ ಉಮೇದುವಾರರಲ್ಲಿ ಎಂಟನೆಯವನಾಗಿ ಸೋತನು. ಆದರೆ ಅವನನ್ನು ಕಂಡು ಬಲ್ಲ ನ್ಯೂ ಸೇಲಂನಲ್ಲಿ ಬಿದ್ದ ೩೦೦ ಮತಗಳಲ್ಲಿ ೨೭೭ ಅವನವೇ ಆಗಿದ್ದುವು. ೧೮೩೪ರಲ್ಲಿ ಗೆದ್ದಾಗ ಸಭೆಗೆ ತಕ್ಕ ಉಡುಪು ಅವನ ಬಳಿ ಇರಲಿಲ್ಲ. ಪರಿಚಿತನೊಬ್ಬನಿಂದ ಸಾಲ ತಂದು ಬಟ್ಟೆ ಹೊಲಿಸಿಕೊಂಡು ಆಗಿನ ರಾಜಧಾನಿಯಾದ ವ್ಯಾಂಡೇಲಿಯಾಕ್ಕೆ ಹೊರಟನು.

ಮುಂದೆ ಸತತವಾಗಿ ನಾಲ್ಕು ಬಾರಿ ಆತನು ಆ ಸಭೆಗೆ ಆರಿಸಿ ಬಂದನು. ಕಾನೂನನ್ನು ಓದಿ ವಕೀಲನಾದುದೂ ಆ ದಿನಗಳಲ್ಲಿಯೇ. ಮತಗಳನ್ನು ಎಣಿಸುವುದು, ಎದುರು ಪಕ್ಷದವರೊಡನೆ ಕೊಟ್ಟು ಕೊಳ್ಳುವುದು, ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಎಲ್ಲವನ್ನೂ ಅವನು ಕಲಿತದ್ದು ಅಲ್ಲಿ. ರಾಜಧಾನಿಯನ್ನು ತನ್ನ ಜಿಲ್ಲೆಯ ಸ್ಪ್ರಿಂಗ್‌ಫೀಲ್ಡಿಗೆ ತರಲು ೧೮೩೭ರಲ್ಲಿ ನಡೆದ ಹೋರಾಟದಲ್ಲಿ ಆತನೇ ಮುಂದಾಳು. ಅದೇ ವರ್ಷ ಕಾಲುವೆ, ರೈಲುಹಾದಿಗಳಿಗಾಗಿ ಸಂಸ್ಥಾನವು ಹೊತ್ತ ಭಾರಿ ಸಾಲಕ್ಕೂ ಆತನು ಕೈ ಎತ್ತಿದ್ದನು. ಸಂಸ್ಥಾನ ದಿವಾಳಿಯ ಅಂಚಿಗೆ ಬಂದಾಗ ಆ ಹೊಣೆಯಲ್ಲಿ ಅವನಿಗೂ ಪಾಲಿತ್ತು. ಗುಲಾಮಗಿರಿಯ ವಿರೋಧಿಗಳನ್ನು ಸಭೆಯು ಖಂಡಿಸಿದಾಗ ಲಿಂಕನ್ನನೂ ಡ್ಯಾನ್ ಸ್ಟೋನ್ ಎಂಬ ಸದಸ್ಯನೂ ಮಾತ್ರ, ಆ ಪದ್ಧತಿ ಅನ್ಯಾಯದ ಮೇಲೆ ನಿಂತದ್ದೆಂದು ತಮ್ಮ ಅಸಮ್ಮತಿಯನ್ನು ಬರೆದು ದಾಖಲೆ ಮಾಡಿದರು. ಅದರ ಮಾತು ಸೌಮ್ಯ. ಗುಲಾಮಗಿರಿಯನ್ನು ಒಡನೆಯೇ ತೊಡೆಯಬೇಕೆನ್ನುವವರನ್ನೂ ಅದು ಒಪ್ಪಿರಲಿಲ್ಲ. ಆದರೂ ಮುಂದಿನದಕ್ಕೆ ಬೀಜ ಅಲ್ಲಿತ್ತು.

ಇನ್ನೂ ಮೇಲಣ ಸ್ಥಾನದ ಹಂಬಲ ಆತನಿಗೆ ಇರಲಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರ. ರಾಷ್ಟ್ರದ ಕಾಂಗ್ರೆಸ್ಸಿಗೆ ಹೋಗಲು ಹವಣಿಸಿ, ತನ್ನ ವಿಗ್ ಪಕ್ಷದವರೇ ಮೊದಲು ಬೇರೆಯವರನ್ನು ಆರಿಸಿದಾಗ ಕಾದು, ೧೮೪೬ರಲ್ಲಿ ಗೆದ್ದನು. ಮೆಕ್ಸಿಕೋ ಯುದ್ಧವನ್ನು ಅಲ್ಲಿ ಪ್ರಶ್ನಿಸಿದ್ದು ಊರಿನವರಿಗೆ ರುಚಿಸಲಿಲ್ಲ. ಒಂದೇ ಅವಧಿ ಮುಗಿಸಿ ಮರಳಿ ವಕೀಲಿಯನ್ನು ಹಿಡಿದನು. ರಾಜಕೀಯ ಮುಗಿಯಿತೆಂದು ತಾನೂ ಭಾವಿಸಿದಂತಿತ್ತು.

೧೮೫೪ರಲ್ಲಿ ಎಲ್ಲವೂ ಬದಲಾಯಿತು. ಇಲಿನಾಯ್‌ನವನೇ ಆದ ಸೆನೆಟರ್ ಸ್ಟೀಫನ್ ಡಗ್ಲಸ್ಸನು ಕ್ಯಾನ್ಸಸ್–ನೆಬ್ರಾಸ್ಕ ಶಾಸನವನ್ನು ತಂದನು. ೧೮೨೦ರ ಒಪ್ಪಂದದಂತೆ ಗುಲಾಮಗಿರಿಗೆ ಮುಚ್ಚಿದ್ದ ಪ್ರದೇಶಗಳು ಅದರಿಂದ ತೆರೆದುಕೊಂಡುವು. ಲಿಂಕನ್ನನು ಮತ್ತೆ ವೇದಿಕೆಯೇರಿದನು. ಆ ನವೆಂಬರಿನಲ್ಲಿ ಸಂಸ್ಥಾನದ ಶಾಸನಸಭೆಗೆ ಐದನೆಯ ಬಾರಿ ಆರಿಸಿಯೂ ಬಂದನು. ಆದರೆ ಅವನ ದೃಷ್ಟಿ ಸೆನೆಟ್ಟಿನ ಮೇಲೆ ನೆಟ್ಟಿತ್ತು. ಆ ಕಾಲದಲ್ಲಿ ಸೆನೆಟರನ್ನು ಆರಿಸುತ್ತಿದ್ದವರು ಜನರಲ್ಲ, ಸಂಸ್ಥಾನದ ಶಾಸಕರು. ಶಾಸಕನಾಗಿದ್ದವನು ಆ ಸ್ಥಾನಕ್ಕೆ ನಿಲ್ಲುವಂತಿಲ್ಲವೆಂಬ ಕಟ್ಟು ಇಲಿನಾಯ್‌ನಲ್ಲಿತ್ತು. ಲಿಂಕನ್ನನು ಗೆದ್ದ ಸ್ಥಾನವನ್ನು ತೊರೆದನು. ಮರುಚುನಾವಣೆಯಲ್ಲಿ ಅದು ಎದುರು ಪಕ್ಷದ ಪಾಲಾಯಿತು. ಒಂದೊಂದು ಮತವೂ ಬೆಲೆಯುಳ್ಳ ಆ ಹೊತ್ತಿನಲ್ಲಿ ಇದು ಸಣ್ಣ ಪೆಟ್ಟಲ್ಲ.

೧೮೫೫ರ ಫೆಬ್ರವರಿ ೮ರಂದು ಮತದಾನ ನಡೆಯಿತು. ಗೆಲ್ಲಲು ಬೇಕಾದುದು ಸುಮಾರು ೫೦ ಮತ. ಮೊದಲ ಸುತ್ತಿನಲ್ಲಿ ಲಿಂಕನ್ನನಿಗೆ ಎಲ್ಲರಿಗಿಂತ ಹೆಚ್ಚಾಗಿ ೪೦ನ್ನು ಮೀರಿದ ಮತಗಳು ಬಂದುವು. ನೆಬ್ರಾಸ್ಕ ಶಾಸನವನ್ನು ವಿರೋಧಿಸಿ ತಮ್ಮ ಪಕ್ಷದಿಂದ ಸಿಡಿದಿದ್ದ ಐವರು ಡೆಮಾಕ್ರಟರು ಕೈಗೂಡಿಸಿದ್ದರೆ ಗುರಿ ದೂರವಿರಲಿಲ್ಲ. ಆದರೆ ಅವರು ವಿಗ್ ಪಕ್ಷದವನಿಗೆ ಮತ ಕೊಡಲೊಪ್ಪದೆ ತಮ್ಮವನೇ ಆದ ಲೈಮನ್ ಟ್ರಂಬುಲ್ಲನನ್ನು ಬಿಗಿಯಾಗಿ ಹಿಡಿದರು. ಸುತ್ತಿನ ಮೇಲೆ ಸುತ್ತು ನಡೆಯಿತು. ಅಷ್ಟರಲ್ಲಿ ನೆಬ್ರಾಸ್ಕ ಪಕ್ಷದವರು ಗವರ್ನರ್ ಜೋಯೆಲ್ ಮ್ಯಾಟ್ಸನ್ನನತ್ತ ಹೊರಳಿದರು. ಒಂಬತ್ತನೆಯ ಸುತ್ತಿನಲ್ಲಿ ಅವನಿಗೆ ೪೭ ಮತ. ಲಿಂಕನ್ನನಿಗೆ ಉಳಿದದ್ದು ಬರಿಯ ೧೫. ಇನ್ನೊಂದು ಸುತ್ತು ತಡೆದರೆ ಮ್ಯಾಟ್ಸನ್ ಗೆಲ್ಲುತ್ತಾನೆಂಬುದು ಎಣಿಕೆ ಬಲ್ಲ ಲಿಂಕನ್ನನಿಗೆ ಸ್ಪಷ್ಟವಾಯಿತು. ನಿಷ್ಠರಾಗಿ ಉಳಿದಿದ್ದ ತನ್ನವರಿಗೆ ಟ್ರಂಬುಲ್ಲನನ್ನು ಗೆಲ್ಲಿಸುವಂತೆ ಹೇಳಿದನು. ಅವರಿಗೆ ಅದು ಕಹಿಯಾಯಿತು. ಆದರೂ ಮಾತು ಕೇಳಿದರು. ಹತ್ತನೆಯ ಸುತ್ತಿನಲ್ಲಿ ಟ್ರಂಬುಲ್ಲನು ಸೆನೆಟರನಾದನು.

ಐವರ ಹಟಕ್ಕೆ ನಲವತ್ತಕ್ಕೂ ಮಿಕ್ಕವರು ಮಣಿಯಬೇಕಾಯಿತಲ್ಲ ಎಂಬ ನೋವು ಲಿಂಕನ್ನನಿಗೆ ಇಲ್ಲದಿರಲಿಲ್ಲ. ಆತನ ಪತ್ನಿ ಮೇರಿಯಂತೂ ತನ್ನ ಹಳೆಯ ಗೆಳತಿಯಾದ ಟ್ರಂಬುಲ್ಲನ ಮಡದಿಯೊಡನೆ ಸ್ನೇಹವನ್ನೇ ತೊರೆದಳು. ಲಿಂಕನ್ನನಾದರೋ ಅಂದು ಸಂಜೆಯ ಸತ್ಕಾರಕೂಟಕ್ಕೆ ಹೋಗಿ ಗೆದ್ದವನ ಕೈಕುಲುಕಿದನು. ಸ್ಥಾನ ಹೋಯಿತು, ಉದ್ದೇಶ ಉಳಿಯಿತು ಎಂಬುದು ಅವನ ಸಮಾಧಾನವಾಗಿತ್ತು.

ಇದರ ಫಲ ಮೆಲ್ಲಮೆಲ್ಲನೆ ಕಾಣಿಸಿತು. ವಿಗ್ ಪಕ್ಷ ಒಡೆದು, ೧೮೫೬ರಲ್ಲಿ ಇಲಿನಾಯ್‌ನಲ್ಲಿ ರಿಪಬ್ಲಿಕನ್ ಪಕ್ಷ ಕಟ್ಟಿಕೊಂಡಾಗ, ಹಿಂದೆ ಆತನಿಗೆ ಮತ ಕೊಡಲೊಪ್ಪದಿದ್ದವರೇ ಅವನ ಬೆನ್ನಿಗೆ ನಿಂತರು. ೧೮೫೮ರಲ್ಲಿ ಡಗ್ಲಸ್ಸನ ಎದುರು ಸೆನೆಟ್ಟಿಗೆ ಅವನೇ ಪಕ್ಷದ ಉಮೇದುವಾರ. ಏಳು ಊರುಗಳಲ್ಲಿ ನಡೆದ ಅವರ ವಾಗ್ವಾದಗಳು ನಾಡಿನ ಪತ್ರಿಕೆಗಳನ್ನೆಲ್ಲ ತುಂಬಿದುವು. ಆ ವಾದಗಳನ್ನು ಓದುವವರು ಒಂದು ಕಲೆಯನ್ನೂ ಮರೆಯಬಾರದು: ಚಾರ್ಲ್ಸ್‌ಟನ್ನಿನ ಸಭೆಯಲ್ಲಿ, ಬಿಳಿಯರಿಗೂ ಕಪ್ಪುಜನರಿಗೂ ಸಾಮಾಜಿಕವಾಗಿ, ರಾಜಕೀಯವಾಗಿ ಸಮಾನತೆ ತನ್ನ ಉದ್ದೇಶವಲ್ಲವೆಂದು ಆತನು ಸಾರಿದನು. ಮತದ ಆಸೆ ಅವನನ್ನೂ ಬಾಗಿಸಿತ್ತು. ಅಷ್ಟಾಗಿಯೂ ೧೮೫೯ರ ಜನವರಿಯಲ್ಲಿ ಶಾಸಕರ ೫೪ ಮತಗಳು ಡಗ್ಲಸ್ಸನಿಗೆ, ೪೬ ಲಿಂಕನ್ನನಿಗೆ ಬಂದುವು.

ಮರುವರ್ಷದ ಮೇ ತಿಂಗಳಲ್ಲಿ ಷಿಕಾಗೋ ಸಮ್ಮೇಳನದಲ್ಲಿ ರಾಷ್ಟ್ರಾಧ್ಯಕ್ಷ ಪದವಿಗೆ ಲಿಂಕನ್ನನ ಹೆಸರನ್ನು ಸೂಚಿಸಿದವನು ನಾರ್ಮನ್ ಜಡ್. ೧೮೫೫ರಲ್ಲಿ ಹಟ ಹಿಡಿದ ಐವರಲ್ಲಿ ಒಬ್ಬನು! ನವೆಂಬರಿನಲ್ಲಿ ಲಿಂಕನ್ನನು ಗೆದ್ದನು. ಒಳಯುದ್ಧದ ನಡುವೆ ಗುಲಾಮಗಿರಿಯನ್ನು ಕೊನೆಗಾಣಿಸುವ ಸಂವಿಧಾನದ ೧೩ನೆಯ ತಿದ್ದುಪಡಿಯನ್ನು ೧೮೬೪ರಲ್ಲಿ ಸೆನೆಟ್ಟಿನ ಮುಂದಿಟ್ಟ ಸಮಿತಿಯ ಅಧ್ಯಕ್ಷನು ಮತ್ತಾರೂ ಅಲ್ಲ, ಲೈಮನ್ ಟ್ರಂಬುಲ್. ಅದು ಸ್ಥಿರಗೊಂಡ ೧೮೬೫ರ ಡಿಸೆಂಬರಿನಲ್ಲಿ ಲಿಂಕನ್ನನು ಬದುಕಿರಲಿಲ್ಲ. ಏಪ್ರಿಲ್ ೧೫ರಂದೇ ಕೊಲೆಗಾರನ ಗುಂಡಿಗೆ ಬಲಿಯಾಗಿದ್ದನು.

ಹತ್ತನೆಯ ಸುತ್ತಿನ ಹೊತ್ತಿಗೆ ಇವಾವುವೂ ಆತನಿಗೆ ತಿಳಿದಿರಲಿಲ್ಲ. ಮುಂದೆ ಲಾಭವಾದೀತೆಂದು ಬಿಟ್ಟದ್ದಾಗಿದ್ದರೆ ಅದು ವ್ಯಾಪಾರವಾಗುತ್ತಿತ್ತು. ಪದವಿಯನ್ನು ಬಯಸುವುದು ತಪ್ಪಲ್ಲ. ಲಿಂಕನ್ನನು ತೀವ್ರವಾಗಿಯೇ ಬಯಸಿದನು. ಆದರೆ ಆ ಬಯಕೆಯನ್ನು ಯಾವುದರ ಮುಂದೆ ಇಳಿಸಬೇಕೆಂಬುದನ್ನು ಅರಿತಿದ್ದನು. ಸಾರ್ವಜನಿಕ ಜೀವನದಲ್ಲಿ ಇದಕ್ಕಿಂತ ಕಠಿನವಾದ ಪಾಠ ಇನ್ನೊಂದಿಲ್ಲ.